ಫ್ಯಾನು ನಿಲ್ಲಿಸಿದ ಮಧ್ಯಾಹ್ನ

ನೀರು ಚಿಮುಕಿಸಿದ ಲಾವಂಚದ ಬೀಸಣಿಗೆಯ ವಾಸನೆ ಇಂದಿಗೂ ನನ್ನ ಎದೆಬಡಿತವನ್ನು ಏರಿಸುತ್ತದೆ.

ಎಂಬತ್ತರ ದಶಕದ ಕೊನೆಯ ಬೇಸಿಗೆಯದು. ರಾಯಚೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಟೈಪಿಂಗ್ ಶಾಲೆಯಿತ್ತು. ಟೈಪ್‌ರೈಟರುಗಳನ್ನೆಲ್ಲ ಮಾರಿ ಅವರು ಒಂದು ಹಳೆಯ ಕಂಪ್ಯೂಟರನ್ನು ತಂದಿದ್ದರು. ಅದರ ಅಲ್ಪ ಮೆಮರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹೊಂದಿಸಲು ರಿಪೇರಿಯ ರಹೀಮ್‌ಭಾಯಿ ಫ್ಲಾಪಿಗಳನ್ನು ಒಂದೊಂದಾಗಿ ಹಾಕುತ್ತಿದ್ದರು.

"ಅಕ್ಕಿ ಗಿರಣಿ ನಡದಾವು, ವೋಲ್ಟೇಜ್ ಮೊದಲ ಕಮ್ಮಿ ಅದ. ನಡುವ ಅದೂ ಬಿದ್ರ ಮಶೀನ್ ಮತ್ತ ಏಳಂಗಿಲ್ಲ ಸಾಬ್," ಎಂದರು.

ಅಪ್ಪ ಮನೆಯ ಫ್ಯಾನುಗಳನ್ನೆಲ್ಲ ನಿಲ್ಲಿಸಿದರು. "ಸ್ವಿಚ್ ಯಾರೂ ಮುಟ್ಟಬ್ಯಾಡ್ರಿ!"

ಹಾಸಿಗೆ ಹಿಡಿದಿದ್ದ ಅಜ್ಜಿಗೆ ಗಾಳಿ ಬೀಸುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮಪ್ಪನ ಪೆಟಗಿ ಇನ್ನೂ ಏಳಲಿಲ್ಲೇನವ್ವಾ?" ಎಂದು ಆಕೆ ಮತ್ತೆ ಮತ್ತೆ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಕೈ ಹಿಡಿದು ಅಲುಗಿಸಿದೆ. ತಣ್ಣನೆಯ ಬೆವರಿನಿಂದ ಒದ್ದೆಯಾಗಿದ್ದ ಆ ಕೈ ನನ್ನ ಕೈಯಿಂದ ಜಾರಿಬಿತ್ತು. ಸ್ವಿಚ್ಚಿನವರೆಗೆ ಓಡಿದೆ, ಆದರೆ ಬೆರಳು ಮುಂದೆ ಹೋಗಲಿಲ್ಲ.

"ಯಪ್ಪಾ, ಅಜ್ಜಿ ಮಾತಾಡವಲ್ಲಳು!" ಎಂದು ಚೀರಿದೆ.

ಅಪ್ಪ ಓಡಿ ಬಂದು ಆಕೆಯ ಮುಖ ನೋಡಿದರು. ತಾವೇ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು. ಮುಂದಿನ ಕೋಣೆಯಲ್ಲಿ ಯಂತ್ರದ ಕರಕರ ಸದ್ದು ನಿಂತಿತು.

"ಹೋತು, ಸಾಬ್," ಎಂದರು ರಹೀಮ್‌ಭಾಯಿ.

ಅಪ್ಪ ತಿರುಗಿಯೂ ನೋಡದೆ ಅಜ್ಜಿಯ ತುಟಿಗೆ ನೀರು ಹನಿಸುತ್ತಿದ್ದರು. ಬಹಳ ಹೊತ್ತಿನ ಮೇಲೆ ಆಕೆ ಕಣ್ಣು ಬಿಟ್ಟಳು.

"ಹೋಗಿದ್ದು ನಿನ್ನ ಪೆಟಗಿ ಏನಲೇ? ನಾನೇ ಹೋದೆ ಅನ್ಕೊಂಡಿದ್ದೆ."

ಅಪ್ಪ ನಗಲಿಲ್ಲ. ನನ್ನ ಕೈಯಿಂದ ಬೀಸಣಿಗೆಯನ್ನು ತೆಗೆದುಕೊಂಡು, ತಿರುಗುತ್ತಿದ್ದ ಫ್ಯಾನಿನ ಕೆಳಗೇ ಕುಳಿತು, ಸಂಜೆಯವರೆಗೂ ಬೀಸಿದರು.