ಸೇರದ ಅಕ್ಕಿ

"ಯಾರು ಬೇಡ ಅಂದದ್ದು?"

ರಂಗಸಾಮಿ ಮಗಳ ಕೈಯಿಂದ ಗಂಟು ಕಿತ್ತುಕೊಂಡ. ಬೆಳಿಗ್ಗೆ ಒಯ್ದ ಅಕ್ಕಿ ಒಂದು ಕಾಳೂ ಕಡಿಮೆಯಾಗದೆ ಮರಳಿತ್ತು.

ಪದ್ಮಾಕ್ಷಿ ಮೂಗೊರೆಸಿಕೊಂಡಳು. "ಭಾಮಾ."

"ಆ ಮಿಲ್ಲಿನ ಮೇಸ್ತ್ರಿ ದೇವರಾಜನ್ ಮಗಳಾ?"

ಹುಡುಗಿ ತಲೆಯಾಡಿಸಿದಳು. ರಂಗಸಾಮಿಯ ಮೈ ಉರಿದುಹೋಯಿತು.

ತುಡಿಯಲೂರಿನ ಆ ಬೀದಿಯ ಮಕ್ಕಳು ಅಂದು ಕೂಟಾಂಚೋರು ಇಟ್ಟುಕೊಂಡಿದ್ದರು. ಮನೆಮನೆಯಿಂದ ಹಿಡಿ ಅಕ್ಕಿ, ತುಸು ಬೇಳೆ ತಂದು ಒಂದೇ ಮಡಕೆಗೆ ಸುರಿದು, ಬೇವಿನ ಮರದಡಿ ತಾವೇ ಬೇಯಿಸಿ ಕೂಡಿ ಉಣ್ಣುವುದು. ಎಷ್ಟು ದಿನದಿಂದ ಅದೇ ಮಾತು, ಅದೇ ಲೆಕ್ಕ. ಮನೆಯ ಅಕ್ಕಿ ಸೇರದ ಮಗುವಿಗೆ ಅಲ್ಲಿ ಎಲೆಯಿಲ್ಲ.

ಮಿಲ್ಲಿನ ಮುಷ್ಕರ ಎರಡನೇ ತಿಂಗಳಿಗೆ ಬಿದ್ದಿತ್ತು. ಮುಂದೆ ನಿಂತವನೇ ರಂಗಸಾಮಿ. ಮುಷ್ಕರ ಮುರಿದು ಕದ್ದು ಕೆಲಸಕ್ಕೆ ಹೋಗುವ ಕರುಂಗಾಲಿಗಳ ಮನೆಯ ನೀರನ್ನೂ ಮುಟ್ಟಬಾರದೆಂದು ಸಂಘದ ಸಭೆಯಲ್ಲಿ ಗುಡುಗಿದವನೂ ಅವನೇ. ಬೀದಿಯ ಎಷ್ಟೋ ಮನೆಗಳಲ್ಲಿ ಗಂಜಿಗೂ ತತ್ವಾರ. ತನ್ನ ಮನೆಯ ಒಲೆ ಮಾತ್ರ ಒಂದು ಹೊತ್ತೂ ಆರಲಿಲ್ಲವೆಂದು ಅವನಿಗೆ ಹೆಮ್ಮೆ. ಹೆಂಡತಿ ತಂಗಮಣಿ ಯಾರದೋ ಹೊಲದಲ್ಲಿ ಹತ್ತಿ ಬಿಡಿಸಲೆಂದು ಹೋಗಿ, ತಲೆತುಂಬ ಎಳೆ ಅಂಟಿಸಿಕೊಂಡು ಕತ್ತಲಿಗೆ ಬರುತ್ತಿದ್ದಳು. ದೇವರಾಜನ್ ಮಾತ್ರ ಇತ್ತೀಚೆಗೆ ಬೀದಿಯಲ್ಲಿ ಮುಖವನ್ನೇ ತೋರಿಸಿರಲಿಲ್ಲ. ಎಲ್ಲಿ ಹೋಗುತ್ತಾನೆಂದು ಬಾಯಿಬಿಟ್ಟು ಹೇಳಬೇಕೆ?

"ಕರುಂಗಾಲಿ ಮಗಳು ನನ್ನ ಮನೆ ಅಕ್ಕಿ ಬೇಡ ಅಂತಾಳಾ! ನಡಿ!"

"ಬೇಡಪ್ಪಾ, ನಂಗೆ ಹಸಿವಿಲ್ಲ." ಪದ್ಮಾಕ್ಷಿ ಅವನ ಕೈ ಜಗ್ಗಿದಳು. "ಅಮ್ಮ ಬರ್ಲಿ. ಜಗಳ ಬೇಡ."

ಅವನು ಅವಳನ್ನು ಎಳೆದುಕೊಂಡೇ ನಡೆದ.

ಮರದಡಿ ಭಾಮಾ ಸೌಟು ಹಿಡಿದು ದರ್ಬಾರು ನಡೆಸುತ್ತಿದ್ದಳು. "ಎಣ್ಣೆಗೇ ಅರ್ಧ ಆಣೆ ಆಯ್ತು. ಬದನೆಕಾಯಿ ಆಸೆ ಬಿಡ್ರೋ. ನುಗ್ಗೆಸೊಪ್ಪು ಪುಕ್ಕಟೆ. ಏ ರಾಮಸಾಮಿ, ತಿನ್ನೋಕೆ ಮಾತ್ರ ಮೊದ್ಲು ಕೂರ್ತೀಯಲ್ಲ, ಮರ ಹತ್ತು!"

ಮಕ್ಕಳ ನಗು ರಂಗಸಾಮಿಯನ್ನು ಕಂಡು ನಿಂತಿತು.

"ನಿಮ್ಮನೆ ಅಕ್ಕಿ ಇದರಲ್ಲಿದೆಯೇನೇ?"

"ಇದೆ ಮಾಮಾ."

"ನಮ್ಮನೇದು?"

"ಇಲ್ಲ."

ಅವನು ಮಡಕೆ ಒದೆಯಲು ಕಾಲೆತ್ತಿದ. ಮಕ್ಕಳೆಲ್ಲ ಚೆದುರಿದರು. ಭಾಮಾ ಕದಲಲಿಲ್ಲ. ಸೌಟನ್ನೇ ಅಡ್ಡ ಹಿಡಿದಳು.

"ಕರುಂಗಾಲಿ ಮನೇದು ಏನೂ ಮುಟ್ಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು?"

"ಹೌದು! ಮತ್ತೆ ನಿಮ್ಮಪ್ಪ ಎಲ್ಲಿ ಹಾಳಾಗಿ ಹೋಗಿದ್ದಾನೆ?"

"ಮಡತ್ತುಕುಳಂನಲ್ಲಿ ಕಬ್ಬು ಕಡೀತಿದ್ದಾರೆ." ಅವಳ ದನಿ ಸಿಟ್ಟಿಗೆ ನಡುಗಿತು. "ಬಂದಾಗ ಅಂಗೈ ನೋಡಿ, ಚರ್ಮ ಸುಲಿದಿದೆ. ನಮ್ಮಪ್ಪನ್ನ ಏನೂ ಅನ್ಬೇಡಿ."

ರಂಗಸಾಮಿಯ ಕಾಲು ನೆಲಕ್ಕಿಳಿಯಿತು. ಬಾಯಿ ಇಳಿಯಲಿಲ್ಲ. "ಹಾಗಾದ್ರೆ ಈ ಬೀದಿಯಿಂದ ಮಿಲ್ಲಿಗೆ ಕದ್ದು ಹೋಗ್ತಿರೋ ನಾಯಿ ಯಾವುದು? ಹೇಳು! ಇವತ್ತೇ ಮನೆಗೆ ನುಗ್ಗಿ ಎಳೆದು ತರ್ತೀನಿ!"

"ಹೇಳ್ಬೇಡ ಭಾಮಾ!" ಪದ್ಮಾಕ್ಷಿ ಚೀರಿದಳು.

"ನಾವು ಸೌದೆ ಆಯೋದು ಮಿಲ್ಲಿನ ಹಿಂದೇನೇ ಮಾಮಾ," ಎಂದಳು ಭಾಮಾ. "ಅಲ್ಲಿನ ಹಿಂಬಾಗಿಲಿಂದ ದಿನಾ ಒಳಗೆ ಹೋಗೋದು ತಂಗಮಣಿ ಅತ್ತೆ."