ತುಂಬಿದ ಹಲಗೆ

ಹಿಮಾಲಯದ ಆ ಮೂಲೆಯೂರಿನಲ್ಲಿ, ಕಡಿದಾದ ಹಿಮದ ಇಳಿಜಾರಿನಲ್ಲಿ ಜಾರಲು ಹೋಗುವವರು ಕೆಳಗಿನ ಠಾಣೆಯ ಗೋಡೆಗೆ ಹೊಡೆದ ಹಲಗೆಯಿಂದ ತಲೆಗೊಂದು ಬಿಲ್ಲೆ ಒಯ್ಯಬೇಕು, ಇಳಿದು ಬಂದಮೇಲೆ ತಿರುಗಿ ತೂಗುಹಾಕಬೇಕು.

“ನೀನು ಎಲ್ಲಾದ್ರೂ ಬೀಳಿಸ್ತೀಯ, ಕೊಡಿಲ್ಲಿ,” ಎಂದು ಹೆಂಡತಿಯದನ್ನೂ ಗಂಡನೇ ಜೇಬಿಗಿಳಿಸಿದ್ದ.

ಕಾಲು ಉಳುಕಿ ಅವನೊಬ್ಬನೇ ಮೊದಲು ಇಳಿದ. ನೋವಿನ ಮಾತ್ರೆ ನುಂಗಿ ಮಲಗಿದವನಿಗೆ ಎಚ್ಚರವಾದಾಗ ಬೆಳಗಾಗಿತ್ತು, ಅವಳು ಬಂದಿರಲಿಲ್ಲ. ಮಧ್ಯಾಹ್ನ ಕೊರಕಲಿನಿಂದ ಹೆಣ ತಂದರು.

“ನಿನ್ನೆ ಸಂಜೇನೇ ಯಾಕ್ರೀ ಹುಡುಕ್ಲಿಲ್ಲ? ಒಂದು ಬಿಲ್ಲೆ ಕಮ್ಮಿಯಾದ್ರೂ ಹೊರಡ್ತೀವಿ ಅಂದಿದ್ರಲ್ಲ!” ಎಂದು ಅರಚಿದ.

ಹುಡುಕುವ ತಂಡದಲ್ಲಿದ್ದ ವಿಜಯಪುರದ ಸೈನಿಕ ತಲೆ ತಗ್ಗಿಸಿದ. “ಹಲಗಿ ತುಂಬಿತ್ರೀ ಸರ. ಒಂದೂ ಕಮ್ಮಿ ಇರಲಿಲ್ಲ.”

“ಸುಳ್ಳು! ಅವಳದ್ದನ್ನ ಯಾರು ಹಾಕಿದ್ರು?”

“ನೀವ ಅಲ್ರೀ? ಕುಂಟಕೋತ ಬಂದು, ಎರಡೂ ನೀವ ಹಾಕಿ ಹೋದ್ರಿ.”