ಕೊನೆಯ ನುಡಿಯ ಹೆಸರುಗಳು

ಶರಫುದ್ದೀನ ಏಣಿ ಹತ್ತಿ ತನ್ನ ಹೆಸರಿಗೆ ತಾನೇ ಸುಣ್ಣ ಬಳಿಯುತ್ತಿದ್ದ. ಜೇವರ್ಗಿಯಲ್ಲಿ ಅವನದೊಂದು ಕುಡಿಯುವ ನೀರಿನ ಘಟಕ. ಅದರ ಗೋಡೆಯ ಮೇಲೆ ‘ಶರಫುದ್ದೀನ, ಇಸ್ತ್ರಿ ಅಂಗಿ ಮಾವ ಖ್ಯಾತಿಯ ಸಂಗೀತ ನಿರ್ದೇಶಕರು’ ಎಂದು ಕೆಂಪು ಅಕ್ಷರಗಳಲ್ಲಿ ಬರೆಸಿದ್ದ. ನೀರಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಈಗ ಕೇಳುವವನೊಬ್ಬ ಬರುತ್ತಿದ್ದ.

ಬೆಳಿಗ್ಗೆ ಆಳಂದದಿಂದ ದೇವಾನಂದ ಫೋನ್ ಮಾಡಿದ್ದ. “ಬೊಲೆರೋ ಗಾಡಿ, ಸಣ್ಣ ಕಟಿಂಗು, ಕಂದು ಬೂಟು. ಹಾಡು ಯಾರು ಮಾಡ್ಯಾರ ಅಂತ ಕೇಳ್ದ. ಪೊಲೀಸ ಹೌದಿಲ್ಲೋ ಅಂತ ಮತ್ತ ಬಾಯಿಬಿಟ್ಟು ಕೇಳ್ಬೇಕಾ? ಬೋರ್ ಹೊಡೆಯೋದು ಬಿಟ್ರ ನನಗೇನೂ ಗೊತ್ತಿಲ್ರಿ ಅಂದೇನಿ.”

ದೇವಾನಂದ ‘ಇಸ್ತ್ರಿ ಅಂಗಿ ಮಾವ’ ಹಾಡಿನ ನಿರ್ಮಾಪಕ. ಚಿತ್ರೀಕರಣಕ್ಕೆ ಬೋರ್‌ವೆಲ್ ಲಾರಿ ಕೊಟ್ಟು, ಎಲ್ಲರಿಗೂ ಮಟನ್ ಊಟ ಹಾಕಿಸಿ ಆ ಪದವಿಗೇರಿದ್ದ. ಹಾಡು ಬರೆದ ಹಣಮಂತರಾಯನದು ಅಫಜಲಪುರದಲ್ಲಿ ಝೆರಾಕ್ಸ್ ಅಂಗಡಿ. ಮೊದಲು ಶ್ರದ್ಧಾಂಜಲಿ ಬ್ಯಾನರುಗಳಿಗೆ ಪದ್ಯ ಬರೆಯುತ್ತಿದ್ದ. ಹಾಡು ಗೆದ್ದ ಮೇಲೆ ಸತ್ತವರನ್ನು ಕಡೆಗಣಿಸಿದ್ದ. ಅವನೂ ಬೊಲೆರೋದವನಿಗೆ, “ಯಾರೋ ತಂದು ಕೊಟ್ರು, ಟೈಪ್ ಮಾಡಿ ಕೊಟ್ಟೇನ್ರಿ, ಅಷ್ಟೇ” ಎಂದು ಹೇಳಿ ಕಳಿಸಿದ್ದನಂತೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ತಮ್ಮ ಮೂವರ ವಾಟ್ಸಾಪ್ ಗುಂಪಿನಿಂದ ಹೊರಬಿದ್ದಿದ್ದರು. ಗುಂಪಿನಲ್ಲೀಗ ಶರಫುದ್ದೀನನೊಬ್ಬನೇ ಉಳಿದಿದ್ದ.

ಅಂಜಿಕೆಗೆ ಕಾರಣವಿತ್ತು. ಸದಾ ಇಸ್ತ್ರಿ ಅಂಗಿ ತೊಡುವ ಲೀಡರೊಬ್ಬರಿಗೆ ಹಾಡು ತಮ್ಮ ಮೇಲೆಯೇ ಕಟ್ಟಿದ್ದು ಎನಿಸಿತ್ತು. ಕೇಸು ಹಾಕಿಸುತ್ತೇವೆಂದು ಅವರ ಹಿಂಬಾಲಕರು ಫೇಸ್‌ಬುಕ್ಕಿನಲ್ಲಿ ಕೂಗಾಡುತ್ತಿದ್ದರು.

ಸಾಲದ್ದಕ್ಕೆ ನಿನ್ನೆ ಸಂಜೆ ಸಪ್ನಾಳ ಫೋನು. ಸಪ್ನಾ ಹಿರೋಳ್ಳಿಯ ಹುಡುಗಿ, ಹಾಡು ಹಾಡಿದವಳು. ಅಳು ಉಕ್ಕಿ ಬಂದು ಅವಳ ಮಾತೇ ಹೊರಡುತ್ತಿರಲಿಲ್ಲ.

“ಅಣ್ಣಾ, ಅವ್ರು ಕೇಳಾಕ ಬರ್ತಾರ್ರಿ. ನಿಮ್ಮ ಮೂರೂ ಮಂದಿ ಹೆಸರು ಕೊಟ್ಟೇನಿ. ಇದ್ದದ್ದು ಇದ್ದಂಗ ಹೇಳ್ರಿ.”

“ಅಂಜಬ್ಯಾಡ ತಂಗಿ, ನಾವು ಅದೇವಿ” ಎಂದು ಶರಫುದ್ದೀನ ಧೈರ್ಯ ಹೇಳಿದ್ದ. ಹೇಳಿದವನೇ ಅವಳ ನಂಬರನ್ನು ಬ್ಲಾಕ್ ಮಾಡಿದ್ದ.

ಹೆಸರು ಕೊಟ್ಟಳಂತೆ! ಅವಳು ಕೊಡಬೇಕಾದ ಅಗತ್ಯವೇ ಇರಲಿಲ್ಲ. ಈ ಕಡೆಯ ಹಾಡುಗಳಲ್ಲಿ ಕೊನೆಯ ನುಡಿ, ಅಂದರೆ ಕಡೆಯ ಚರಣ, ಹಾಡು ಮಾಡಿದವರದು. ಊರು, ಹೆಸರು ಅದರಲ್ಲಿ ಬರಲೇಬೇಕು. ನನ್ನ ಹೆಸರು ಮೊದಲು, ನಿನ್ನದು ಆಮೇಲೆ ಎಂದು ಮೂವರೂ ಜಗಳಾಡಿ ಆ ನುಡಿಯನ್ನು ಹಾಡಿನ ಅರ್ಧದಷ್ಟು ಬೆಳೆಸಿದ್ದರು. ಸಪ್ನಾಳ ಹೆಸರಿಗೆ ಜಾಗ ಸಿಕ್ಕಿರಲಿಲ್ಲ. ದನಿ ಕೇಳಿದರೆ ಗೊತ್ತಾಗುತ್ತದಲ್ಲ, ಹೆಸರೇಕೆ ಎಂದು ಅವಳಿಗೆ ಸಮಾಧಾನ ಹೇಳಿದ್ದರು.

ಬೊಲೆರೋ ಬಂದು ನಿಂತಿತು; ಶರಫುದ್ದೀನ ಏಣಿ ಇಳಿದು ಒಳಗೆ ಸರಿದ. ಕಂದು ಬೂಟಿನವನು ಒಳಗೆ ಬಂದು ಕುರ್ಚಿ ಎಳೆದುಕೊಂಡ. ನೀವು ಯಾರು ಎಂದು ಶರಫುದ್ದೀನ ಕೇಳಲಿಲ್ಲ. ಹಾಗೆ ಕೇಳುವುದು ತಪ್ಪು ಮಾಡಿದವರ ಲಕ್ಷಣವೆಂದು ಅವನ ಎಣಿಕೆ.

“ಮಾತು ರೆಕಾರ್ಡ್ ಮಾಡ್ಕೋತೇನ್ರಿ, ನಡೀತದಲ್ಲ? ‘ಇಸ್ತ್ರಿ ಅಂಗಿ ಮಾವ’ ಹಾಡಿನ ಸಂಗೀತ ನಿಮ್ದಾ?”

“ನಂದು ನೀರಿನ ಧಂದಾ ರೀ.”

ಬಂದವನು ಫೋನಿನಲ್ಲಿ ಕೊನೆಯ ನುಡಿ ಹಾಕಿದ. ‘ಜೇವರ್ಗಿ ಊರಾಗ ಶರಫುದ್ದೀನ, ರಾಗ ಕೂಡಿಸ್ಯಾನ ಕೇಳೋ ಜಾಣ’ ಎಂದು ಸಪ್ನಾ ಗಂಟಲು ಬಿಚ್ಚಿ ಹಾಡಿದಳು.

“ಇವ್ರು ಯಾರ್ರಿ?”

“ಜೇವರ್ಗ್ಯಾಗ ಶರಫುದ್ದೀನ ಅನ್ನೋರು ಭಾಳ ಮಂದಿ ಅದಾರ್ರಿ. ನಮ್ಮ ಓಣ್ಯಾಗೇ ಹುಡುಕಿದ್ರ ಒಬ್ಬಿಬ್ರು ಸಿಗ್ತಾರ.”

ಹಿಂದಿನ ಮನೆಯಿಂದ ಚಹಾ ತಂದ ಹೆಂಡತಿ ಮೆಹನಾಜ ಗಂಡನ ಮುಖ ನೋಡುತ್ತ ನಿಂತಳು. ಆ ರಾಗ ಹುಟ್ಟಿದ್ದು ಅವಳ ಹೆರಿಗೆಯ ದಿನ. ಆಸ್ಪತ್ರೆಯ ಹೊರಗೆ ಅತ್ತಿಂದಿತ್ತ ಅಡ್ಡಾಡುತ್ತ ಅವನು ಗುನುಗಿದ್ದು. ಮಗಳನ್ನು ಇವತ್ತಿಗೂ ಅದನ್ನೇ ಗುನುಗಿ ಮಲಗಿಸುತ್ತಿದ್ದ. ಮದುವೆ ಬ್ಯಾಂಡಿನಲ್ಲಿ ಕಂಡವರ ರಾಗಗಳನ್ನೇ ಬಾರಿಸಿ ಸವೆದವನಿಗೆ ಸ್ವಂತದ್ದೆಂದು ಇದ್ದದ್ದು ಅದೊಂದೇ.

“ಹಂಗಾದ್ರ ರಾಗ ಯಾರ್ದು?”

ಶರಫುದ್ದೀನ ಹೆಂಡತಿಯತ್ತ ನೋಡಿದ. ಒಂದು ಗಳಿಗೆ ನನ್ನದೇ ಎಂದುಬಿಡೋಣ ಎನಿಸಿತು. ಆಮೇಲೆ ಕೋರ್ಟು, ವಕೀಲ, ಲೀಡರನ ಹಿಂಬಾಲಕರು ನೆನಪಾದರು.

“ಸಪ್ನಾಂದೇ ರೀ. ಮಾತು, ರಾಗ, ಖರ್ಚು, ಎಲ್ಲಾ ಆಕೀದೇ. ನಾವ್ಯಾರೂ ಅದಕ್ಕ ಕೈ ಸೈತ ಹಚ್ಚಿಲ್ಲ.”

“ನಾಳೆ ಮಾತು ತಿರುಗಿಸಬಾರ್ದು ಮತ್ತ.”

“ಮಗಳ ಆಣಿ ರೀ.”

ಮೆಹನಾಜ ಚಹಾ ಕೆಳಗಿಟ್ಟು ಒಳಗೆ ಹೋದಳು. ಶರಫುದ್ದೀನನಿಗೆ ನಾಚಿಕೆಯಾಯಿತು. ನಾಚಿಕೆಗೆ ಜಾಮೀನು ಬೇಕಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಬಂದವನು ಚಹಾ ಮುಗಿಸಿ ಎದ್ದ. “ಚಲೋ ಆತು. ಮೂರೂ ಊರಾಗ ಮೂರೂ ಮಂದಿ ‘ನಂದಲ್ಲ’ ಅಂತ ಒಂದೇ ಮಾತು ಹೇಳೀರಿ.”

ಪಾರಾದೆ ಎಂಬುದು ಖಾತ್ರಿಯಾದ ಮೇಲೆ ಶರಫುದ್ದೀನನಲ್ಲಿ ಕರುಣೆ ಉಕ್ಕಿತು. “ಪಾಪ, ಆ ಹುಡುಗಿಗಿ ಏನಾಗ್ತದ ರೀ?”

“ಇನ್ನ ಏನಾದ್ರೂ ಆಕಿ ಒಬ್ಬಾಕಿಗೇ ಆಗ್ತದ” ಎಂದವನು ಬಾಗಿಲು ದಾಟಿ, ಗಾಡಿಗೆ ಒರಗಿ ಫೋನ್ ಕಿವಿಗಿಟ್ಟ.

“ಸರ್, ಸುನೀಲಕುಮಾರ ಮಾತಾಡಾಕತ್ತೇನ್ರಿ. ಸಿನಿಮಾದ ಮಾತು ಮೊದ್ಲೇ ತೆಗದ್ರ ಊರಿಗೂರೇ ಹಾಡು ನಾನ ಮಾಡೇನಿ ಅಂತದ ಅಂದಿದ್ರಲ್ಲ, ತೆಗೀಲಿಲ್ರಿ, ಸಪ್ನಾ ಮೇಡಂಗೂ ತೆಗೀಬ್ಯಾಡ್ರಿ ಅಂದಿದ್ದೆ. ಆ ಮೂರೂ ಮಂದೀನ ತಗೊಂಡ್ರಷ್ಟೇ ಸಿನಿಮಾದಾಗ ಹಾಡಾಕ ಬರ್ತೇನಿ ಅಂತ ಮೇಡಂ ನಿನ್ನೆ ಖುಷೀಲೆ ಅತ್ಕೋತ ಹಟ ಹಿಡದಿದ್ದು ಬರೇ ಅವ್ರ ದೊಡ್ಡ ಮನಸು. ಇವ್ರು ಹಾಡಿಗೆ ಕೈನೇ ಹಚ್ಚಿಲ್ಲಂತ್ರಿ, ಸಿನಿಮಾದ ಸಂಗೀತಾನೂ ಮೇಡಂಗೇ ಕೊಟ್ಟುಬಿಡ್ರಿ.”